ಹಳೆಯ ಕಾರು ತಾನೇ, ಬಿಡಿ!

"ಹಳೆಯ ಕಾರು ತಾನೇ, ಬಿಡಿ" ಎಂಬ ಮಾತನ್ನು ಕಳೆದ ಕೆಲವು ತಿಂಗಳುಗಳಲ್ಲಿ ಎಷ್ಟು ಜನರ ಬಾಯಿಂದ ಕೇಳಿದೆನೋ ಲೆಕ್ಕವಿಟ್ಟಿಲ್ಲ. ಹೇಳಿದವರಲ್ಲಿ ಬಂಧುಗಳಿದ್ದಾರೆ, ಹಳೆಯ ಶಿಷ್ಯರಿದ್ದಾರೆ, ಕಲ್ಯಾಣ ಮಂಟಪವೊಂದರ ವ್ಯವಸ್ಥಾಪಕರಿದ್ದಾರೆ, ಪೊಲೀಸ್ ಠಾಣೆಯ ಬರಹಗಾರರೂ ಇದ್ದಾರೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದವರಲ್ಲ. ನನ್ನ ಮನಸ್ಸಿನ ಭಾರ ಇಳಿಯಲಿ ಎಂದೇ ಹೇಳಿದರು. ಆದರೂ ಈ ಮಾತಿನ ಮೇಲೆ ನನಗೆ ಜಗಳವಿದೆ. ಆ ಜಗಳವನ್ನು ಇಲ್ಲಿ ಬಿಚ್ಚಿಡುತ್ತೇನೆ. ಓದುಗರು ತಾಳ್ಮೆಯಿಂದ ಓದಬೇಕು.

ಮೂವತ್ತೈದು ವರ್ಷ ಕನ್ನಡ ವ್ಯಾಕರಣ ಕಲಿಸಿದವನಿಗೆ ಮಾತನ್ನು ಬಿಡಿಸಿ ನೋಡುವ ಚಟ ಹೋಗುವುದಿಲ್ಲ. "ತಾನೇ" ಎಂಬುದು ಇಲ್ಲಿ ಎದುರಿನವನ ಒಪ್ಪಿಗೆಯನ್ನು ಅವನು ಬಾಯಿ ತೆರೆಯುವ ಮೊದಲೇ ಕಿತ್ತುಕೊಳ್ಳುವ ಅವ್ಯಯ. "ಬಿಡಿ" ಎಂಬುದು ಬಹುವಚನದ ಗೌರವ ಹೊದ್ದ ಆಜ್ಞೆ. ಇದರ ಜೊತೆಗೆ ಇನ್ನೊಂದು ಪ್ರಶ್ನೆಯುಂಟು, ಅದು ಇನ್ನೂ ಸೊಗಸಾದದ್ದು: "ಎಲ್ಲಿ ಗುದ್ದಿಸಿಕೊಂಡಿರಿ ಮೇಷ್ಟ್ರೇ?" ಗಮನಿಸಿ, "ಯಾರು ಗುದ್ದಿದರು?" ಎಂದು ಕೇಳಿದವರು ಒಬ್ಬರೋ ಇಬ್ಬರೋ. ಉಳಿದವರೆಲ್ಲರೂ "ಗುದ್ದಿಸಿಕೊಂಡಿರಿ" ಎಂದೇ ಕೇಳಿದರು. ಗುದ್ದಿದವನು ವಾಕ್ಯದಿಂದಲೇ ಮಾಯವಾದ; ನಿಂತಿದ್ದ ಕಾರಿನ ಯಜಮಾನ ಕರ್ತೃವಾದ! ಇಷ್ಟು ಚಮತ್ಕಾರವಾಗಿ ಅಪರಾಧಿಯನ್ನು ಪಾರುಮಾಡುವ ಕ್ರಿಯಾಪದ ಬೇರೆ ಭಾಷೆಗಳಲ್ಲಿ ಇದೆಯೋ ಇಲ್ಲವೋ ಅರಿಯೆ. ನಮ್ಮಲ್ಲಂತೂ ಇದೆ, ದಿನನಿತ್ಯ ಬಳಕೆಯಲ್ಲಿದೆ.

ಸಂಗತಿ ಇಷ್ಟು. ನನ್ನಲ್ಲಿ 1984ರ ಪ್ರೀಮಿಯರ್ ಪದ್ಮಿನಿಯೊಂದಿದೆ. 1992ರಲ್ಲಿ, ಭವಿಷ್ಯನಿಧಿಯಿಂದ ಸಾಲವೆತ್ತಿ, ಒಬ್ಬ ವೈದ್ಯರಿಂದ ಕೊಂಡದ್ದು. ಹಾಲುಕೆನೆಯ ಬಣ್ಣ. ಗೇರಿನ ಕೋಲು ಸ್ಟಿಯರಿಂಗಿನ ಪಕ್ಕದಲ್ಲೇ ಇರುವ ಮಾದರಿ. ನಮ್ಮ ಕೇರಿಗೆ ಆಂಬುಲೆನ್ಸು ಫೋನು ಮಾಡಿದೊಡನೆ ಬಾರದ ಕಾಲದಲ್ಲಿ ಎಷ್ಟೋ ಹೆರಿಗೆಗಳಿಗೆ ಅದು ಆಸ್ಪತ್ರೆಯ ದಾರಿ ತೋರಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ಬಸ್ಸು ತಪ್ಪಿಸಿಕೊಂಡ ಹುಡುಗಿಯರನ್ನು ಪರೀಕ್ಷಾ ಕೇಂದ್ರಕ್ಕೆ ಮುಟ್ಟಿಸಿದೆ. ನನ್ನ ತಂದೆಯವರು ಕೊನೆಯ ಬಾರಿ ಊರು ನೋಡಿ ಬಂದದ್ದು ಅದರ ಹಿಂದಿನ ಸೀಟಿನಲ್ಲಿ ಕುಳಿತು. ಇದನ್ನೆಲ್ಲ ಕರುಣೆಗಾಗಿ ಹೇಳುತ್ತಿಲ್ಲ. "ತಾನೇ" ಎಂಬ ಅವ್ಯಯ ಏನೇನನ್ನು ಅಳಿಸಿಹಾಕುತ್ತದೆಂಬುದು ತಿಳಿಯಲಿ ಎಂದು ಹೇಳಿದೆ.

ಕಳೆದ ವೈಶಾಖದಲ್ಲಿ ಮೈಸೂರಿನ ಕಲ್ಯಾಣ ಮಂಟಪವೊಂದರಲ್ಲಿ ಬಂಧುಗಳ ಮನೆಯ ಮದುವೆ. ಗುರುತು ಹಾಕಿದ ಜಾಗದಲ್ಲಿ, ಗೋಡೆಗೆ ಒತ್ತಿ, ಕಾರು ನಿಲ್ಲಿಸಿ, ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿಟ್ಟು ಒಳಗೆ ಹೋದೆ. ಊಟ ಮುಗಿಸಿ ಬರುವಷ್ಟರಲ್ಲಿ ಹಿಂಬದಿಯ ಎಡಮಗ್ಗುಲು ಒಳಕ್ಕೆ ಕುಸಿದಿತ್ತು. ರೆಕ್ಕೆಯಂತೆ ಏಳುವ ಆ ಅಂಚು ಮಡಿಚಿಕೊಂಡಿತ್ತು. ಕೆಂಪು ದೀಪದ ಚೂರುಗಳು ನೆಲದ ಮೇಲೆ ಹರಡಿದ್ದವು. ಕಾವಲುಗಾರ ಕಂಡದ್ದನ್ನು ಕಂಡ ಹಾಗೆ ಹೇಳಿದ: ದೊಡ್ಡದೊಂದು ಬಿಳಿಯ ಗಾಡಿ ಹಿಮ್ಮುಖವಾಗಿ ಬಂದು ಗುದ್ದಿತು, ಇವನು ಸೀಟಿ ಊದಿದ, ಗಾಜು ಇಳಿಯಿತು, ಒಳಗಿದ್ದವರು ಒಮ್ಮೆ ಹಿಂತಿರುಗಿ ನೋಡಿದರು, ಗಾಜು ಏರಿತು, ಗಾಡಿ ಹೋಯಿತು. ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಅವನಿಗೆ ನೆನಪಿತ್ತು. ಮಂಟಪದ ಸಿಸಿಟಿವಿ ಕ್ಯಾಮೆರಾ ಅಡುಗೆ ಸಾಮಾನಿನ ಕೋಣೆಯತ್ತ ಮುಖ ಮಾಡಿತ್ತು. ಸಕ್ಕರೆ ಮೂಟೆಗಿರುವ ಭದ್ರತೆ ಅತಿಥಿಗಳ ವಾಹನಕ್ಕಿರಲಿಲ್ಲ.

ನನಗೆ ನೋವಾದದ್ದು ತಗಡು ಬಗ್ಗಿದ್ದಕ್ಕಿಂತ ಹೆಚ್ಚಾಗಿ ಆ ಗಾಜು ಇಳಿದು ಏರಿದ್ದಕ್ಕೆ. ಗುದ್ದಿದವರು ದಾರಿಹೋಕರಲ್ಲ. ನಮ್ಮ ಪಂಕ್ತಿಯಲ್ಲೋ ಪಕ್ಕದ ಪಂಕ್ತಿಯಲ್ಲೋ ಕುಳಿತು ಹೋಳಿಗೆ ಉಂಡವರು. ಅಕ್ಷತೆ ಹಾಕಿ ಹರಸಿದ ಕೈಯೇ ಸ್ಟಿಯರಿಂಗ್ ತಿರುಗಿಸಿಕೊಂಡು ಹೋಯಿತು. ಹುಡುಗಿಯ ತಂದೆಯ ಬಳಿ ಆಮಂತ್ರಿತರ ಪಟ್ಟಿಯಿತ್ತು. ಬಿಳಿಯ ದೊಡ್ಡ ಗಾಡಿ ಇರುವವರು ಯಾರು ಯಾರೆಂದು ಅವರಿಗೆ ಊಹೆಯೂ ಇದ್ದಿರಬೇಕು. "ಶುಭಕಾರ್ಯದಲ್ಲಿ ರಂಪ ಬೇಡ ಭಾವ, ಹಳೆಯ ಕಾರು ತಾನೇ, ಬಿಡಿ" ಎಂದರು. ಶುಭಕಾರ್ಯಕ್ಕೆ ಅಶುಭವಾದದ್ದು ಗುದ್ದಿ ಓಡಿಹೋದದ್ದಲ್ಲ, ಅದನ್ನು ಕೇಳಿದ್ದು! ಈ ತರ್ಕ ನಮ್ಮ ಮನೆತನಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಕೇಳಿದವನಾದ ನನಗೇ ಒಂದು ಕ್ಷಣ ಸಂಕೋಚವಾಯಿತು.

ಮುಂದೆ ನಡೆದದ್ದೇ ಈ ಬರಹಕ್ಕೆ ನಿಜವಾದ ಕಾರಣ. ಎರಡು ದಿನ ಬಿಟ್ಟು ಮಂಟಪದ ವ್ಯವಸ್ಥಾಪಕರು ಬಹಳ ಉದಾರವಾಗಿ ಫೋನು ಮಾಡಿದರು. "ಸಾರ್, ಮೂರು ಸಾವಿರ ಕೊಡಿಸ್ತೀವಿ, ವಿಷಯ ಇಲ್ಲಿಗೇ ಮುಗಿಸಿಬಿಡಿ." ಎಲ್ಲಿಂದ ಕೊಡಿಸುತ್ತೀರೆಂದು ಕೇಳಿದೆ. ಕಾವಲುಗಾರನ ಸಂಬಳದಲ್ಲಿ ಹಿಡಿಯುತ್ತಾರಂತೆ. ಆತ ಹೆಗ್ಗಡದೇವನಕೋಟೆಯ ಕಡೆಯವನು, ಅರವತ್ತರ ಹತ್ತಿರದ ವಯಸ್ಸು, ತಿಂಗಳಿಗೆ ಹನ್ನೊಂದು ಸಾವಿರ ರೂಪಾಯಿ ಸಂಬಳ. ಸಂಜೆ ನಮ್ಮ ಮನೆಯ ಗೇಟಿನ ಹೊರಗೆ ನಿಂತು, "ಸ್ವಾಮಿ, ನಾನು ಸೀಟಿ ಊದಿದ್ದು ನಿಜ, ಬೇಕಾದರೆ ಅಡುಗೆಯವರನ್ನು ಕೇಳಿ" ಎಂದ. ಸೀಟಿ ಊದಿದ್ದಕ್ಕೆ ಸಾಕ್ಷಿ ಬೇಕಾಗಿದ್ದವನು ಅವನೊಬ್ಬನೇ. ಗುದ್ದಿದವನಿಗೆ ಯಾವ ಸಾಕ್ಷಿಯ ಭಯವೂ ಇರಲಿಲ್ಲ.

"ಹಳೆಯ ಕಾರು ತಾನೇ, ಬಿಡಿ" ಎನ್ನುವವರು ಇದನ್ನು ಯೋಚಿಸಬೇಕು. ನಾವು ಬಿಟ್ಟ ಮಾತ್ರಕ್ಕೆ ನಷ್ಟವೇನೂ ಗಾಳಿಯಲ್ಲಿ ಕರಗುವುದಿಲ್ಲ. ಅದು ಇಳಿಜಾರಿನ ನೀರಿನಂತೆ; ತಗ್ಗಿನಲ್ಲಿ ಯಾರು ನಿಂತಿದ್ದಾರೋ ಅವರ ಕಾಲಬುಡದಲ್ಲಿ ಹೋಗಿ ನಿಲ್ಲುತ್ತದೆ. ಗುದ್ದಿದವನು ಕೊಡದಿದ್ದರೆ ಕಾರಿನವನು ಕೊಡಬೇಕು, ಕಾರಿನವನು ಗಟ್ಟಿಯಾಗಿ ಕೇಳಿದರೆ ಕಾವಲುಗಾರ ಕೊಡಬೇಕು. ಅಪಾರ್ಟ್‌ಮೆಂಟುಗಳಲ್ಲಿ ಕಾರು ಒರೆಸುವ ಹುಡುಗ, ಆಸ್ಪತ್ರೆಗಳಲ್ಲಿ ಟೋಕನ್ನು ಹರಿಯುವವನು, ಮನೆಗಳಲ್ಲಿ ಬಾಡಿಗೆಯ ಚಾಲಕ... ಗೀರು ಕಂಡೊಡನೆ ಮೊದಲು ಕೂಗಿ ಕರೆಸುವುದು ಇವರನ್ನೇ. ಕೂಲಿಯಿಂದ ಮನಬಂದಂತೆ ಹಿಡಿಯಬಾರದೆಂಬ ಕಾನೂನು ಇಂದಿನದಲ್ಲ. 1936ರ ವೇತನ ಪಾವತಿ ಕಾಯ್ದೆಯೇ, ನಷ್ಟವು ನೌಕರನ ನಿರ್ಲಕ್ಷ್ಯದಿಂದ ನೇರವಾಗಿ ಆಗಿರಬೇಕು, ಅವನ ಮಾತನ್ನು ಕೇಳದೆ ಹಿಡಿಯಕೂಡದು ಎಂದಿತ್ತು. ವ್ಯವಸ್ಥಾಪಕರಿಗೆ ಇದನ್ನು ಬರಹದಲ್ಲಿ ತಿಳಿಸಿದೆ. ಮೂರು ಸಾವಿರ ನನಗೆ ಬೇಡವೆಂದೂ, ಹಿಡಿದದ್ದು ತಿಳಿದರೆ ಕಾರ್ಮಿಕ ಇಲಾಖೆಗೆ ಕಾವಲುಗಾರನ ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆಂದೂ ಸೇರಿಸಿದೆ. ಹಿಡಿಯಲಿಲ್ಲ. ಆದರೆ ಮುಂದಿನ ತಿಂಗಳು ಅವನನ್ನು ರಾತ್ರಿಯ ಪಾಳಿಗೆ ಹಾಕಿದರೆಂದು ಕೇಳಿದ್ದೇನೆ.

ಗುದ್ದಿ ಹೋಗುವುದು ಬರಿಯ ಅಸಭ್ಯತೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಅಪರಾಧ. 1988ರ ಮೋಟಾರು ವಾಹನಗಳ ಕಾಯ್ದೆಯ 134ನೆಯ ಕಲಮು ಗಾಯಾಳುಗಳ ವಿಷಯ ಮಾತ್ರ ಹೇಳುತ್ತದೆಂಬ ಭ್ರಮೆ ವಿದ್ಯಾವಂತರಲ್ಲೂ ಇದೆ. ಆ ಕಲಮಿನ ಮೊದಲ ಸಾಲಿನಲ್ಲೇ ಇತರರ ಆಸ್ತಿಗೆ ಹಾನಿಯಾದ ಪ್ರಸಂಗವೂ ಸೇರಿದೆ. ಚಾಲಕನು ಪೊಲೀಸರು ಕೇಳಿದ ಮಾಹಿತಿ ಕೊಡಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ವರದಿ ಮಾಡಬೇಕು. ತನ್ನ ವಿಮಾ ಸಂಸ್ಥೆಗೂ ತಿಳಿಸಬೇಕು. ತಪ್ಪಿದರೆ 187ನೆಯ ಕಲಮಿನ ಶಿಕ್ಷೆ. ಅದು ಹಿಂದೆ ಮೂರು ತಿಂಗಳ ಸೆರೆ ಅಥವಾ 500 ರೂಪಾಯಿ ದಂಡವಾಗಿತ್ತು. 2019ರ ತಿದ್ದುಪಡಿಯಲ್ಲಿ ಆರು ತಿಂಗಳಿಗೂ 5,000 ರೂಪಾಯಿಗೂ ಏರಿತು. ಹೊಟ್ಟೆಕಿಚ್ಚಿನಿಂದ ಬೀಗದ ಕೈಯಲ್ಲಿ ಗೀರು ಎಳೆಯುವ ಶೂರರಿಗೆ ಬೇರೆ ವ್ಯವಸ್ಥೆಯಿದೆ. ಬೇಕೆಂದೇ ಆಸ್ತಿಗೆ ಕೇಡು ಮಾಡುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೆಯ ಕಲಮಿನಡಿ ಬರುತ್ತದೆ, ನಷ್ಟ ದೊಡ್ಡದಾದಷ್ಟೂ ಶಿಕ್ಷೆ ದೊಡ್ಡದು.

ಠಾಣೆಯಲ್ಲಿ ನಾನು 134ನೆಯ ಕಲಮನ್ನು ಹೇಳಿದಾಗ ಬರಹಗಾರರು ವಿನಯದಿಂದಲೇ ನಕ್ಕರು. "ಪೂರ್ತಿ ನಂಬರ್ ಇಲ್ಲದೆ ಏನು ಮಾಡೋಣ ಸಾರ್? ಒಂದು ಅರ್ಜಿ ಕೊಟ್ಟು ಹೋಗಿ." ಕೊಟ್ಟುಬಂದೆ. ಅವರನ್ನೂ ಪೂರ್ತಿ ದೂರಲಾರೆ. ಕೊಲೆ ಸುಲಿಗೆಗಳ ನಡುವೆ ಬಾಲದೀಪದ ಚೂರುಗಳನ್ನು ಯಾರು ಹುಡುಕುತ್ತಾರೆ! ಅದಕ್ಕೇ ಹೇಳುವುದು, ಈ ಕಾನೂನು ನಿಂತಿರುವುದು ಗುದ್ದಿದವನ ಮರ್ಯಾದೆಯ ಮೇಲೆ. ಅವನು ಓಡಿಹೋದರೆ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ.

ಓಡಿಹೋಗುವವನಿಗೆ ಓಡುವ ಅಗತ್ಯವಾದರೂ ಏನು? ನನ್ನ ಸಿಟ್ಟಿಗೆ ತುಪ್ಪ ಸುರಿಯುವ ಅಂಶ ಇದೇ. ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ಮನುಷ್ಯರಿಗೆ ಗಾಯವಾದರೆ ಮಾತ್ರವಲ್ಲ, ಇತರರ ಆಸ್ತಿಗೆ ಹಾನಿಯಾದರೂ ಅದು ಅನ್ವಯಿಸುತ್ತದೆ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಈ ಆಸ್ತಿಹಾನಿಯ ಮಿತಿ 7.5 ಲಕ್ಷ ರೂಪಾಯಿ. ನನ್ನ ಪದ್ಮಿನಿಯನ್ನು ಪೂರ್ತಿ ಜಜ್ಜಿದರೂ ಅಷ್ಟಾಗುವುದಿಲ್ಲ. "ನೋ ಕ್ಲೈಮ್ ಬೋನಸ್ಸು ಹೋಗುತ್ತದಲ್ಲ" ಎಂದು ಹೆದರುತ್ತಾರೆ. ಆ ರಿಯಾಯಿತಿ, ಮೊದಲ ವರ್ಷಕ್ಕೆ ಶೇಕಡಾ 20ರಿಂದ ಆರಂಭವಾಗಿ ಐದು ವರ್ಷಕ್ಕೆ ಶೇಕಡಾ 50 ಮುಟ್ಟುವುದು, ಸ್ವಂತ ಗಾಡಿಯ ಹಾನಿಗೆ ಕಟ್ಟುವ ಕಂತಿಗೆ ಸಂಬಂಧಿಸಿದ್ದು. ಮೂರನೆಯವನ ಪರಿಹಾರದ ಬಾಬತ್ತೇ ಬೇರೆ. ಆದರೆ ಒಂದು ಮಾತು ಒಪ್ಪಲೇಬೇಕು. ಈ ಪರಿಹಾರ ಪಡೆಯಲು ಹೋಗಬೇಕಾದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಕೈಕಾಲು ಕಳೆದುಕೊಂಡವರು, ಮನೆಯ ದುಡಿಯುವ ಜೀವವನ್ನು ಕಳೆದುಕೊಂಡವರು ಕಾಯುತ್ತಿರುವ ಆ ಅಂಗಳಕ್ಕೆ ಹದಿನಾಲ್ಕು ಸಾವಿರದ ತಗಡಿನ ಲೆಕ್ಕ ಹಿಡಿದು ಹೋಗಲು ನನಗೆ ಮನಸ್ಸಾಗದು. ಗುದ್ದಿದವನು ಚೀಟಿಯಿಟ್ಟು ಹೋಗಿದ್ದರೆ ಇಬ್ಬರೂ ಗ್ಯಾರೇಜಿನ ಮುಂದೆ ನಿಂತು ಅರ್ಧ ಗಂಟೆಯಲ್ಲಿ ಮುಗಿಸಬಹುದಾಗಿತ್ತು.

ಇನ್ನು ನಮ್ಮದೇ ವಿಮೆಯ ಕಥೆ ಕೇಳಿ. ಗಾಡಿಗೆ ವಯಸ್ಸಾದಂತೆ ಅದರ ಅಂಗಾಂಗಗಳಿಗೆ ಸವಕಳಿ ಹಾಕುತ್ತಾರೆ. ಹತ್ತು ವರ್ಷ ದಾಟಿದರೆ ಲೋಹದ ಭಾಗಗಳ ಬೆಲೆಯಲ್ಲಿ ಅರ್ಧ ಖೋತಾ. ರಬ್ಬರು, ಪ್ಲಾಸ್ಟಿಕ್ಕಿಗೆ ಎಳೆಯ ವಯಸ್ಸಿನಲ್ಲೇ ಅರ್ಧ ಖೋತಾ. ಗಾಜಿಗೆ ಮಾತ್ರ ಮುಪ್ಪಿಲ್ಲ! ಇದು ಲೆಕ್ಕಪತ್ರದ ಅನುಕೂಲ, ಅದರ ಬಗ್ಗೆ ನನ್ನ ತಕರಾರಿಲ್ಲ. ಈ ಲೆಕ್ಕಪತ್ರವನ್ನು ನಮ್ಮ ನೀತಿಶಾಸ್ತ್ರವಾಗಿ ಮಾಡಿಕೊಂಡದ್ದಕ್ಕೆ ತಕರಾರು. ವಸ್ತುವಿಗೆ ಸವಕಳಿಯುಂಟು, ಅದಕ್ಕೆ ಮಾಡಿದ ಅನ್ಯಾಯಕ್ಕೂ ಸವಕಳಿಯುಂಟೇ? ಅದೇ ಬಿಳಿಯ ಗಾಡಿ ಮಗ್ಗುಲಲ್ಲಿದ್ದ ಮೂವತ್ತು ಲಕ್ಷದ ಹೊಸ ಕಾರಿಗೆ ಗುದ್ದಿದ್ದರೆ ಅದರ ಗಾಜು ಹಾಗೆ ಏರುತ್ತಿತ್ತೇ? ಮಂಟಪದ ಬಾಗಿಲು ಮುಚ್ಚಿ, ಮೈಕಿನಲ್ಲಿ ನಂಬರು ಕೂಗುತ್ತಿದ್ದರು. ಹುಡುಗಿಯ ತಂದೆಯೇ ಓಡಿಬರುತ್ತಿದ್ದರು.

ಹಳೆಯದೆಂಬುದೇ ನಷ್ಟವನ್ನು ಹೆಚ್ಚಿಸುತ್ತದೆಂಬುದೂ ಈ ಜನಕ್ಕೆ ತಿಳಿಯದು. ಹೊಸ ಗಾಡಿಯ ದೀಪ ಒಡೆದರೆ ಷೋರೂಮಿಗೆ ಒಂದು ಫೋನು ಸಾಕು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಿಂದ ಮುಂಬಯಿಯ ಕುರ್ಲಾದಲ್ಲಿ ತಯಾರಾಗತೊಡಗಿ, ಎಪ್ಪತ್ತರ ದಶಕದಲ್ಲಿ ಪದ್ಮಿನಿಯೆಂದು ಹೆಸರು ಬದಲಿಸಿಕೊಂಡ ಈ ಗಾಡಿಯ ತಯಾರಿಕೆ ಶತಮಾನ ಹೊರಳುವ ಹೊತ್ತಿಗೇ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಉಳಿದಿದ್ದ ಕೊನೆಯ ಪದ್ಮಿನಿಯೂ 2023ರ ಅಕ್ಟೋಬರ್ ಕೊನೆಯಲ್ಲಿ ಬೀದಿಯಿಂದ ಮರೆಯಾಯಿತು. ಬಾಲದೀಪಕ್ಕಾಗಿ ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಎರಡು ಸಲ ಸುತ್ತಿದೆ. ಸಿಕ್ಕ ದೀಪದ ಕೆಂಪು ಇನ್ನೊಂದು ಮಗ್ಗುಲಿನ ಕೆಂಪಿಗೆ ಹೊಂದುವುದಿಲ್ಲ. ಟಿಂಕರಿಂಗ್ ಮಾಡುವ ಹಿರಿಯರೊಬ್ಬರು, ಹುಡುಗನಾಗಿದ್ದಾಗ ಇಂಥ ಗಾಡಿಗಳ ಮೇಲೆಯೇ ಸುತ್ತಿಗೆ ಹಿಡಿಯಲು ಕಲಿತವರು, ಮಡಿಚಿದ ಅಂಚನ್ನು ಒಳಗಿನಿಂದ ತಟ್ಟಿ ತಟ್ಟಿ ನಾಲ್ಕು ದಿನದಲ್ಲಿ ಎಬ್ಬಿಸಿದರು. "ಹೊಸ ಹುಡುಗರು ತಗಡು ತಟ್ಟೋದಿಲ್ಲ ಸಾರ್, ಪಟ್ಟಿ ಮೆತ್ತಿ ಉಜ್ತಾರೆ" ಎಂದರು. ಅವರಂಥವರ ಕೈಕಸುಬಿಗೆ ಯಾವ ಸವಕಳಿ ಕೋಷ್ಟಕದಲ್ಲಿ ಬೆಲೆ ಕಟ್ಟಿದ್ದಾರೋ ತಿಳಿಯದು.

ಇನ್ನು ಆ ಫಲಕ. "ವಾಹನಗಳ ನಿಲುಗಡೆ ಮಾಲೀಕರ ಸ್ವಂತ ಜವಾಬ್ದಾರಿ." ಮಂಟಪದಲ್ಲಿ, ಆಸ್ಪತ್ರೆಯಲ್ಲಿ, ಹಣ ಪಡೆದು ಚೀಟಿ ಹರಿಯುವ ನಿಲುಗಡೆ ತಾಣದಲ್ಲೂ ಇದೇ ಫಲಕ. ಹಣ ಪಡೆಯುವುದು ಅವರ ಹಕ್ಕು, ಜವಾಬ್ದಾರಿ ನಮ್ಮದು! ಈ ಫಲಕ ಮಂತ್ರದ ತಗಡಲ್ಲ ಎಂದು ಸರ್ವೋಚ್ಚ ನ್ಯಾಯಾಲಯವೇ 2019ರ ನವೆಂಬರಿನಲ್ಲಿ ಹೇಳಿದೆ. ಪ್ರಕರಣ ದೆಹಲಿಯ ತಾಜ್ ಮಹಲ್ ಹೋಟೆಲಿನದು. 1998ರಲ್ಲಿ ಅತಿಥಿಯೊಬ್ಬರು ಹೋಟೆಲಿನ ಸಿಬ್ಬಂದಿಯ ಕೈಗೆ ಮಾರುತಿ ಝೆನ್ ಕಾರನ್ನೂ ಬೀಗದ ಕೈಯನ್ನೂ ಒಪ್ಪಿಸಿ ಒಳಹೋದರು. ಹಿಂತಿರುಗಿದಾಗ ಕಾರು ಕಳವಾಗಿತ್ತು. ಚೀಟಿಯ ಮೇಲೆ "ಮಾಲೀಕರ ಜವಾಬ್ದಾರಿ" ಎಂದು ಅಚ್ಚಾಗಿದೆಯಲ್ಲ ಎಂದು ಹೋಟೆಲು ವಾದಿಸಿತು. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಕಾರನ್ನು ಕೈಗೆ ಪಡೆದ ಮೇಲೆ ಅದನ್ನು ಜೋಪಾನ ಮಾಡಿ ಹಿಂತಿರುಗಿಸುವ ಹೊಣೆ ಪಡೆದವರದು. ತಮ್ಮ ನಿರ್ಲಕ್ಷ್ಯವನ್ನು ಅಚ್ಚಿನ ಸಾಲಿನ ಹಿಂದೆ ಬಚ್ಚಿಡಲಾಗದು, ನಿರ್ಲಕ್ಷ್ಯವಿರಲಿಲ್ಲವೆಂದು ತೋರಿಸುವ ಭಾರವೂ ಮೊದಲು ಅವರ ಮೇಲೆಯೇ ಎಂಬುದು ಅದರ ಸಾರ. ಕಳವಿನಿಂದ ತೀರ್ಪಿಗೆ ಇಪ್ಪತ್ತೊಂದು ವರ್ಷ ಹಿಡಿಯಿತೆಂಬುದು ಬೇರೆ ಮಾತು.

ಇದನ್ನು ಓದಿ ಯಾರೂ ಆತುರಪಡಬಾರದು. ನನ್ನ ಪ್ರಸಂಗಕ್ಕೆ ಈ ತೀರ್ಪು ನೇರವಾಗಿ ಹೊಂದುವುದಿಲ್ಲ, ಏಕೆಂದರೆ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಮಂಟಪದವರು ಕಾರನ್ನು ಕೈಗೆ ಪಡೆದಿರಲಿಲ್ಲ. ಬೀಗದ ಕೈ ಕೊಟ್ಟು ಚೀಟಿ ಪಡೆದವರು ಮಾತ್ರ ಆ ಚೀಟಿಯನ್ನು ಎಸೆಯದೆ ಇಟ್ಟುಕೊಳ್ಳಿ. ಹಾನಿ ಕಂಡರೆ ಗಾಡಿ ಕದಲಿಸುವ ಮೊದಲು, ಸುತ್ತಲಿನ ಗಾಡಿಗಳ ನಂಬರು ಕಾಣುವಂತೆ, ಫೋಟೋ ತೆಗೆಯಿರಿ. ನಿಲುಗಡೆಗೆ ಹಣ ಕೊಟ್ಟಿದ್ದರೆ ನೀವು ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ನೀವೇ ಬರೆದ ಅರ್ಜಿ ಸಾಕು, ಸಣ್ಣ ವ್ಯವಹಾರಗಳಿಗೆ ಶುಲ್ಕವೂ ಇಲ್ಲ.

ಕಾರಿನವರೆಲ್ಲರೂ ಸಾಧುಗಳೆಂದು ನಾನು ಹೇಳುತ್ತಿಲ್ಲ. ಮನೆ ಕಟ್ಟುವಾಗ ಕಾರಿಗೆ ಒಂದು ಗೇಣು ಬಿಡದೆ, ಸಾರ್ವಜನಿಕ ರಸ್ತೆಯನ್ನೇ ಕೊಟ್ಟಿಗೆ ಮಾಡಿಕೊಂಡು, ಆಮೇಲೆ ಮಕ್ಕಳ ಕ್ರಿಕೆಟ್ ಚೆಂಡು ತಗುಲಿದರೆ ಆಕಾಶ ಹರಿಯುವಂತೆ ಕೂಗುವ ಮಹನೀಯರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ತಳ್ಳುಗಾಡಿಯ ತರಕಾರಿಯವಳು ಒಂದು ಗೆರೆ ಎಳೆದಳೆಂದು ಅವಳ ತಕ್ಕಡಿ ಕಿತ್ತುಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಇಂಥವರ ಭಯಕ್ಕೇ ಎಷ್ಟೋ ಬಡವರು ಗೀರು ಬಿದ್ದೊಡನೆ ಓಡುತ್ತಾರೆ. ಒಪ್ಪಿಕೊಂಡವನನ್ನು ಹೊಡೆಯುವ ಊರಿನಲ್ಲಿ ಯಾರು ಒಪ್ಪಿಕೊಳ್ಳುತ್ತಾರೆ? ತರಗತಿಯಲ್ಲಿಯೂ ಹಾಗೆಯೇ ಆಗುತ್ತಿತ್ತು. ಗಾಜು ಒಡೆದವರು ಯಾರೆಂದು ಬೆತ್ತ ಹಿಡಿದು ಕೇಳಿದ ಮೇಷ್ಟರಿಗೆ ಒಬ್ಬ ಹುಡುಗನೂ ಕೈಯೆತ್ತುತ್ತಿರಲಿಲ್ಲ. ಆದರೆ ಮೂವತ್ತು ಲಕ್ಷದ ಗಾಡಿಯ ಗಾಜು ಏರಿಸಿಕೊಂಡು ಹೋದವರಿಗೆ ಯಾರ ಬೆತ್ತದ ಭಯವಿತ್ತು? ಎಪ್ಪತ್ತಾರು ವರ್ಷದ ನನ್ನದೇ?

ಮಂಟಪಗಳವರು ಮಾಡಬೇಕಾದ್ದು ದೊಡ್ಡದೇನಲ್ಲ. ಗೇಟಿನಲ್ಲಿ ಒಂದು ಪುಸ್ತಕವಿಟ್ಟು ಒಳಬರುವ ಗಾಡಿಗಳ ನಂಬರು ಬರೆದುಕೊಳ್ಳಬಹುದು. ಸಕ್ಕರೆ ಮೂಟೆ ಕಾಯುವ ಕ್ಯಾಮೆರಾಗಳಲ್ಲಿ ಒಂದನ್ನು ಅಂಗಳದತ್ತ ತಿರುಗಿಸಬಹುದು. ಬಾಡಿಗೆಯ ಕರಾರಿನಲ್ಲಿ ಪಾತ್ರೆ ಒಡೆದರೆ ಎಷ್ಟು, ಗೋಡೆಗೆ ಮೊಳೆ ಹೊಡೆದರೆ ಎಷ್ಟು ಎಂದು ಬರೆಸುವವರು, ಅಂಗಳದಲ್ಲಿ ಹಾನಿ ಮಾಡಿದ ವಾಹನದ ವಿವರ ಹಾನಿಗೊಳಗಾದವರಿಗೆ ಕೊಡತಕ್ಕದ್ದು ಎಂಬ ಒಂದು ಸಾಲನ್ನೂ ಸೇರಿಸಲಿ. ಗುದ್ದಿದವರು ಮಾಡಬೇಕಾದ್ದು ಇನ್ನೂ ಸಣ್ಣದು: ಹೆಸರು, ಫೋನು, ಗಾಡಿಯ ನಂಬರು ಬರೆದ ಒಂದು ಚೀಟಿ, ಗುದ್ದಿಸಿಕೊಂಡ ಗಾಡಿಯ ವೈಪರಿನ ಕೆಳಗೆ. ಜೇಬಿನಲ್ಲಿ ಪೆನ್ನಿಟ್ಟುಕೊಳ್ಳುವ ಕಾಲ ಹೋಯಿತೆನ್ನುವವರು ಮಂಟಪದ ಬಾಗಿಲಲ್ಲೇ ಮೇಜು ಹಾಕಿಕೊಂಡು ಮುಯ್ಯಿ ಬರೆಯುತ್ತಿರುವವರನ್ನು ಕೇಳಬಹುದು. ಅವರ ಬಳಿ ಪೆನ್ನೂ ಇರುತ್ತದೆ, ಕಾಗದವೂ ಇರುತ್ತದೆ.